ಮೊದಲು ಗೋಡೆ, ಆಮೇಲೆ ಕಾರು

ಜೂನ್ ದಾಟಿದ ಮೇಲೆ ನಮ್ಮ ಕಡೆ ಮಕ್ಕಳಿಗೆ ಪಾಠಕ್ಕಿಂತ ಮಳೆ ರಜೆಯೇ ಜಾಸ್ತಿ. ಈ ತಿಂಗಳು ಬಂದ ಪತ್ರಗಳನ್ನು ನೋಡಿದರೆ ಅದು ಗೊತ್ತಾಗುತ್ತದೆ. ಮುಕ್ಕಾಲು ಪಾಲು ಪ್ರಶ್ನೆ ಒಂದೇ ವಿಷಯದ್ದು: ಮೋಟಾರ್ ಇರುವ ಆಟದ ಕಾರು, ಮನೆಯಲ್ಲೇ ಕಟ್ಟಿದ ಅಂಕುಡೊಂಕು ದಾರಿ, ಅದರೊಳಗೆ ಬಿಟ್ಟ ಕಾರು ತಾನೇ ದಾರಿ ಹುಡುಕಿಕೊಂಡು ಆಚೆ ಬರಬೇಕು. ಇದಕ್ಕೆ ಇಂಗ್ಲಿಷಿನವರು ಮೇಜ್ ಅನ್ನುತ್ತಾರೆ. ಹಾಗೆ ಬರೆದರೆ ಅರ್ಧ ಜನ ಊಟದ ಮೇಜು ಅಂದುಕೊಳ್ಳುತ್ತಾರೆ. ಅದಕ್ಕೇ ನಾನು ವ್ಯೂಹ ಅಂತ ಬರೆಯುತ್ತೇನೆ, ಅಭಿಮನ್ಯುವಿನ ನೆನಪಿಗೂ ಆಯಿತು.

ಪ್ರಶ್ನೆ: ಮಗ ಎಂಟನೇ ಕ್ಲಾಸು. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅಂತ ಆನ್‌ಲೈನ್‌ನಲ್ಲಿ ಕಿಟ್ ತರಿಸಿದೆವು. ಎರಡು ಹಳದಿ ಮೋಟಾರ್, ಎರಡು ಗಾಲಿ, ಮುಂದೊಂದು ಪುಟ್ಟ ಗಾಲಿ, ಪ್ರೋಗ್ರಾಮ್ ತುಂಬಿ ಓಡಿಸುವ ಆರ್ಡುಯಿನೊ ಬೋರ್ಡ್, ದೂರ ಅಳೆಯುವ ಮೂರು ಸೆನ್ಸರ್. ನೆಲದ ಮೇಲೆ ಚೆನ್ನಾಗಿ ಓಡುತ್ತದೆ. ರಟ್ಟಿನ ವ್ಯೂಹದೊಳಗೆ ಬಿಟ್ಟರೆ ಮೊದಲ ತಿರುವಿನಲ್ಲೇ ಮೂತಿ ಸಿಕ್ಕಿಸಿಕೊಂಡು ನಿಲ್ಲುತ್ತದೆ. ಪ್ರೋಗ್ರಾಮ್ ತಪ್ಪಿದೆಯಾ? (ಒಬ್ಬ ತಾಯಿ, ತೀರ್ಥಹಳ್ಳಿ)

ಉತ್ತರ: ಪ್ರೋಗ್ರಾಮ್ ಸದ್ಯಕ್ಕೆ ಮುಟ್ಟಬೇಡಿ ಅಮ್ಮ. ಹೊಲಿಗೆ ಟೇಪು ತನ್ನಿ.

ಈ ಕಾರು ತಿರುಗುವಾಗ ಒಂದು ಗಾಲಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೋಗುತ್ತದೆ. ಆಗ ಅದು ಎರಡು ಗಾಲಿಗಳ ನಡುವಿನ ಬಿಂದುವಿನ ಮೇಲೆ ಬುಗುರಿ ಹಾಗೆ ತಿರುಗುತ್ತದೆ. ಆ ಬಿಂದುವಿನಿಂದ ಕಾರಿನ ಅತಿ ದೂರದ ಮೂಲೆಗೆ ಎಷ್ಟು ಅಂತ ಅಳೆಯಿರಿ. ಕಿಟ್ ಕಾರುಗಳಲ್ಲಿ ದೊಡ್ಡ ಗಾಲಿಗಳು ಒಂದು ತುದಿಗೆ ಇರುವುದರಿಂದ ಮೂತಿ ತುಂಬಾ ಉದ್ದ ಚಾಚಿಕೊಂಡಿರುತ್ತದೆ. 15 ಸೆಂ.ಮೀ. ಬಂತು ಅಂತಿಟ್ಟುಕೊಳ್ಳಿ, ಕಾರು ತಿರುಗಲು 30 ಸೆಂ.ಮೀ. ಅಗಲದ ವೃತ್ತ ಬೇಕು. ಓಣಿ 30 ಇದ್ದರೂ ಸಾಲದು, ಕಾರು ಯಾವತ್ತೂ ಸರಿಯಾಗಿ ನಡುವೆ ನಿಂತಿರುವುದಿಲ್ಲ ಅಲ್ವಾ, ಹಾಗಾಗಿ 35 ಇಡಿ. ನಿಮ್ಮ ಓಣಿ ಎಷ್ಟಿದೆ ಅಂತ ಪತ್ರದಲ್ಲಿ ಬರೆದಿಲ್ಲ, ಆದರೆ 25ರ ಆಸುಪಾಸು ಇರುತ್ತದೆ ಅಂತ ನನ್ನ ಅಂದಾಜು. ಯಾಕೆಂದರೆ ನಾನೂ ಮೊದಲ ಸಲ ಕಾರಿನ ಅಗಲ ಮಾತ್ರ ನೋಡಿ, ಪ್ಲೈವುಡ್ ಕೊಯ್ಸಿ, ಮೊಳೆ ಹೊಡೆದು, ಬಿಳಿ ಬಣ್ಣ ಬಳಿದು, ಎಲ್ಲ ಮುಗಿದ ಮೇಲೆ ಕಾರು ಬಿಟ್ಟವನು. ಅದು ನೇರ ಹೋಯಿತು, ತಿರುಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಕುಳಿತು ಮೊಳೆ ಕಿತ್ತೆ.

ಎಲ್ಲರೂ ಕಾರು ಮುಗಿಸಿ ಆಮೇಲೆ ವ್ಯೂಹದ ಕಡೆ ನೋಡುತ್ತಾರೆ. ಇವೆರಡೂ ಒಂದೇ ಯಂತ್ರದ ಎರಡು ಭಾಗ. ಗೋಡೆ ಕಟ್ಟುವವರೂ ನೀವೇ ಆದಾಗ ಅರ್ಧ ಸಮಸ್ಯೆಯನ್ನು ಗೋಡೆಯಲ್ಲೇ ತೀರಿಸಿಕೊಳ್ಳಬಹುದು, ಆ ಅನುಕೂಲ ಯಾಕೆ ಬಿಡಬೇಕು?

ವ್ಯೂಹದೊಳಗೆ 35 ಸೆಂ.ಮೀ. ಚೌಕದ ಮನೆಗಳು ನಾಲ್ಕಕ್ಕೆ ನಾಲ್ಕು ಇಟ್ಟರೆ ವ್ಯೂಹ 140 ಸೆಂ.ಮೀ. ಆಗುತ್ತದೆ. ಜಗಲಿ ಅರ್ಧ ಹೋಯಿತು ಅಂತ ಮನೆಯಲ್ಲಿ ಬೈಯುತ್ತಾರೆ ಅಂದರೆ ಕಾರನ್ನೇ ಚಿಕ್ಕದು ಮಾಡಿ. 12 ಸೆಂ.ಮೀ. ಉದ್ದ, 10 ಅಗಲ, ಗಾಲಿಗಳು ಸರಿಯಾಗಿ ನಡುವೆ. ಆಗ ಅದರ ವೃತ್ತ 16 ಸೆಂ.ಮೀ. ಒಳಗೇ ಇರುತ್ತದೆ, ಓಣಿಗೆ 20 ಸಾಕು. ಐದಕ್ಕೆ ಐದು ಮನೆ ಇಟ್ಟರೂ ಒಂದು ಮೀಟರ್. ಇದಕ್ಕೆ ಎನ್20 ಅಂತ ಸಿಗುವ ಬೆರಳು ಗಾತ್ರದ ಗೇರ್ ಮೋಟಾರ್ ಬೇಕು. ಗಾಲಿ ನಡುವೆ ಬಂದರೆ ಕಾರು ಹಿಂದೆ ಮುಂದೆ ವಾಲುತ್ತದೆ, ಬ್ಯಾಟರಿಯನ್ನು ಸ್ವಲ್ಪ ಹಿಂದಕ್ಕೆ ಕೂರಿಸಿ ಅದರ ಕೆಳಗೆ ಪುಟ್ಟ ಗಾಲಿ ಕೊಡಿ.

ಗೋಡೆಯನ್ನು ಅಂಟಿಸಿ ಬಿಡಬೇಡಿ. ಬಡಗಿ ಹತ್ತಿರ ಉಳಿದ ರೀಪಿನ ತುಂಡು ಕೇಳಿ, 10 ಸೆಂ.ಮೀ. ಎತ್ತರದ ಗೂಟಗಳನ್ನಾಗಿ ಕೊಯ್ಸಿ, ನಾಲ್ಕೂ ಮುಖಕ್ಕೆ ಗರಗಸದಿಂದ ಒಂದೊಂದು ಸೀಳು ಹಾಕಿಸಿ. ಆ ಸೀಳಿಗೆ ರಟ್ಟು ತೂರಿಸಿದರೆ ಗೋಡೆ. ಕಿತ್ತು ಬೇರೆ ಕಡೆ ತೂರಿಸಿದರೆ ಹೊಸ ವ್ಯೂಹ. ವಸ್ತುಪ್ರದರ್ಶನಕ್ಕೆ ಬಂದವರೇ ಗೋಡೆ ಬದಲಿಸಿ ಕಾರನ್ನು ಪರೀಕ್ಷೆ ಮಾಡಲಿ, ಬಾಯಿಪಾಠ ಮಾಡಿಸಿದ ಕಾರು ಅಂತ ಯಾರೂ ಹೇಳುವುದಿಲ್ಲ. ಒಂದೇ ತೊಂದರೆ, ನಮ್ಮ ಆಷಾಢದ ಥಂಡಿಗೆ ಕಿರಾಣಿ ಅಂಗಡಿ ರಟ್ಟು ಎರಡು ದಿನದಲ್ಲಿ ಹಪ್ಪಳ ನೆನೆಸಿದ ಹಾಗೆ ಬಾಗುತ್ತದೆ. ಎರಡೂ ಕಡೆ ಬಣ್ಣ ಬಳಿಯಿರಿ, ಅಥವಾ ತೆಳು ಪ್ಲೈವುಡ್ ಪಟ್ಟಿ ಹಾಕಿ.

ಪ್ರಶ್ನೆ: ನನ್ನ ಕಾರು ಬೇಕೆಂದಲ್ಲಿ ತಿರುಗುತ್ತದೆ, ಆದರೆ 90 ಡಿಗ್ರಿ ಅಂದರೆ ಒಮ್ಮೆ 80, ಒಮ್ಮೆ 110. ಬ್ಯಾಟರಿ ಹೊಸದಿದ್ದಾಗ ಒಂದು ಥರ, ಹಳೆಯದಾದಾಗ ಇನ್ನೊಂದು ಥರ. ನೇರ ಹೋಗುವಾಗಲೂ ಬಲಕ್ಕೆ ಎಳೆಯುತ್ತದೆ. (ಡಿಪ್ಲೊಮಾ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: "ಅರ್ಧ ಸೆಕೆಂಡ್ ತಿರುಗು" ಅಂತ ಬರೆದಿರುತ್ತೀರಿ, ಸರಿನಾ? ಹೊತ್ತು ನೋಡಿ ತಿರುಗಿಸಿದರೆ ಹೀಗೇ ಆಗುವುದು. ಬ್ಯಾಟರಿ ಇಳಿದಂತೆ ಅದೇ ಅರ್ಧ ಸೆಕೆಂಡಿನಲ್ಲಿ ಗಾಲಿ ಕಮ್ಮಿ ಉರುಳುತ್ತದೆ. ಹೊತ್ತು ಬಿಟ್ಟು ಗಾಲಿ ಎಷ್ಟು ಉರುಳಿತು ಅಂತ ಎಣಿಸಿ. ಕಿಟ್ ಜೊತೆ 20 ಸೀಳಿನ ಒಂದು ಕಪ್ಪು ಚಕ್ರ ಬಂದಿರುತ್ತದೆ, ಏನಂತ ಗೊತ್ತಾಗದೆ ತುಂಬಾ ಜನ ಡಬ್ಬಿಯಲ್ಲೇ ಬಿಡುತ್ತಾರೆ. ಅದು ಇದಕ್ಕೇ. ಸೀಳುಗಳ ಆಚೆ ಈಚೆ ಒಂದು ಬೆಳಕಿನ ಸೆನ್ಸರ್ ಇಟ್ಟರೆ ಪ್ರತಿ ಸೀಳಿಗೆ ಒಂದು ಎಣಿಕೆ. ಹಳದಿ ಮೋಟಾರಿನ ಗಾಲಿ 65 ಮಿ.ಮೀ. ವ್ಯಾಸದ್ದು. ಒಂದು ಸುತ್ತಿಗೆ 20.4 ಸೆಂ.ಮೀ. ಹೋಗುತ್ತದೆ, ಅಂದರೆ ಒಂದು ಸೀಳಿಗೆ ಹೆಚ್ಚುಕಡಿಮೆ 1 ಸೆಂ.ಮೀ. ಲೆಕ್ಕ ಎಷ್ಟು ಸುಲಭ ನೋಡಿ.

ಇನ್ನೊಂದು ಉಪಾಯ ಇದೆ, ನನಗೆ ತುಂಬಾ ಇಷ್ಟವಾದದ್ದು. ಎರಡು ಗಾಲಿಗಳ ನಡುವಿನ ಅಂತರ ಗಾಲಿಯ ವ್ಯಾಸದ ಸರಿಯಾಗಿ ಎರಡರಷ್ಟು ಇರುವ ಹಾಗೆ ಕಾರು ಕಟ್ಟಿ. 65 ಮಿ.ಮೀ. ಗಾಲಿಗೆ 13 ಸೆಂ.ಮೀ. ಅಂತರ, 43 ಮಿ.ಮೀ. ಗಾಲಿಗೆ 8.6. ಆಗ ಕಾರು ನಿಂತಲ್ಲೇ 90 ಡಿಗ್ರಿ ತಿರುಗಲು ಒಂದೊಂದು ಗಾಲಿಯೂ ಸರಿಯಾಗಿ ಅರ್ಧ ಸುತ್ತು ಉರುಳಿದರೆ ಸಾಕು. ಹತ್ತು ಸೀಳು, ನಿಲ್ಲು. ಪೂರ್ತಿ ಹಿಂದಕ್ಕೆ ತಿರುಗಬೇಕಾ, ಇಪ್ಪತ್ತು. ಬೇಕಾದರೆ ಕಾಗದ ತೆಗೆದುಕೊಂಡು ಪೈ ಹಾಕಿ ಗುಣಿಸಿ ನೋಡಿ.

ಬಲಕ್ಕೆ ಎಳೆಯುವುದು ಮೋಟಾರುಗಳ ಹುಟ್ಟುಗುಣ, ಒಂದೇ ಪೊಟ್ಟಣದಿಂದ ತೆಗೆದ ಎರಡೂ ಒಂದೇ ವೇಗದಲ್ಲಿ ಓಡುವುದಿಲ್ಲ. ಪ್ರೋಗ್ರಾಮಿನಲ್ಲಿ ವೇಗದ ಅಂಕಿಯನ್ನು ಒಂದಕ್ಕೆ 200, ಇನ್ನೊಂದಕ್ಕೆ 185 ಅಂತ ಕೊಟ್ಟು ಸರಿ ಮಾಡಿದರೆ ಇವತ್ತಿಗೆ ಸರಿ ಹೋಗುತ್ತದೆ, ನಾಳೆ ಮತ್ತೆ ಅದೇ ಕಥೆ. ಪಕ್ಕದಲ್ಲಿ ಗೋಡೆ ಇದೆಯಲ್ಲ, ಅದನ್ನೇ ಹಿಡಿದುಕೊಳ್ಳಿ. ಎಡ ಗೋಡೆ 8 ಸೆಂ.ಮೀ. ದೂರ ಇರಬೇಕು ಅಂತ ಗುರುತು ಇಟ್ಟುಕೊಂಡು, ದೂರವಾದಷ್ಟೂ ಎಡಕ್ಕೆ ಸ್ವಲ್ಪ, ಹತ್ತಿರವಾದಷ್ಟೂ ಬಲಕ್ಕೆ ಸ್ವಲ್ಪ. ಆ "ಸ್ವಲ್ಪ"ವನ್ನು ಜಾಸ್ತಿ ಮಾಡಿದರೆ ಕಾರು ಕುಡಿದವನ ಹಾಗೆ ಓಲಾಡುತ್ತದೆ, ಕಡಿಮೆಯಿಂದ ಶುರು ಮಾಡಿ.

ವೇಗವನ್ನೂ ಇಳಿಸಿ. ಎಚ್‌ಸಿ-ಎಸ್‌ಆರ್04 ಅನ್ನುವ ದೂರ ಅಳೆಯುವ ಸೆನ್ಸರ್ ನಮ್ಮ ಕಿವಿಗೆ ಕೇಳಿಸದ ಶಬ್ದ ಕೂಗಿ ಅದರ ಮಾರ್ದನಿಗೆ ಕಾಯುತ್ತದೆ. ಕಾರಿಗೆ ಮೂರು ಸೆನ್ಸರ್ ಇದ್ದು ಮೂರೂ ಒಟ್ಟಿಗೆ ಕೂಗಿದರೆ ಒಂದರ ಮಾರ್ದನಿ ಇನ್ನೊಂದಕ್ಕೆ ಕೇಳುತ್ತದೆ, ಜೋಗದ ಎದುರು ನಾಲ್ಕು ಜನ ಒಟ್ಟಿಗೆ ಕೂಗಿದ ಹಾಗೆ. ಒಂದಾದ ಮೇಲೆ ಒಂದು, ನಡುವೆ 60 ಮಿಲಿಸೆಕೆಂಡ್ ಬಿಡುವು. ಮೂರಕ್ಕೆ 180 ಆಯಿತು. ಸೆಕೆಂಡಿಗೆ 60 ಸೆಂ.ಮೀ. ಓಡುವ ಕಾರು ಅಷ್ಟರಲ್ಲಿ ಸುಮಾರು 11 ಸೆಂ.ಮೀ. ಕಣ್ಣು ಮುಚ್ಚಿಕೊಂಡು ಹೋಗಿರುತ್ತದೆ. ಆಮೇಲೆ ಸೆನ್ಸರ್ ಸರಿ ಇಲ್ಲ ಅಂತ ದೂರುತ್ತೀರಿ.

ಪ್ರಶ್ನೆ: ಬೆಳಿಗ್ಗೆ ಸರಿಯಾಗಿ ಓಡುವ ಕಾರು ಮಧ್ಯಾಹ್ನ ಹುಚ್ಚು ಹಿಡಿದ ಹಾಗೆ ಆಡುತ್ತದೆ. ಖಾಲಿ ಓಣಿಯಲ್ಲಿ ಗೋಡೆ ಇದೆ ಅಂತ ನಿಲ್ಲುತ್ತದೆ. ಇನ್‌ಫ್ರಾರೆಡ್ ಸೆನ್ಸರ್ ಹಾಕಿದ್ದೇನೆ. ಬದಲಾಯಿಸಿದರೂ ಅದೇ. (ಹೊಸನಗರ)

ಉತ್ತರ: ನಿಮ್ಮದು ಹಂಚಿನ ಮನೆ ಅಲ್ವಾ? ತಲೆ ಎತ್ತಿ ನೋಡಿ, ಗಾಜಿನ ಹಂಚು ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದರಿಂದ ಇಳಿದ ಬಿಸಿಲಿನ ಕೋಲು ವ್ಯೂಹದ ಮೇಲೆ ಬೀಳುತ್ತಿರಬೇಕು. ಬಿಸಿಲಿನಲ್ಲಿ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು) ತುಂಬಿರುತ್ತದೆ, ಸೆನ್ಸರ್ ಅದನ್ನು ತಾನೇ ಬಿಟ್ಟ ಬೆಳಕು ಗೋಡೆಗೆ ಬಡಿದು ಬಂತು ಅಂದುಕೊಳ್ಳುತ್ತದೆ. ವ್ಯೂಹವನ್ನು ಎರಡು ಮಾರು ಸರಿಸಿ. ಸರಿಸಲು ಜಾಗ ಇಲ್ಲದಿದ್ದರೆ, ಬರೀ ಇದೆ, ಇಲ್ಲ ಅನ್ನದೆ ಅಳತೆಯ ಅಂಕಿ ಕೊಡುವ ಸೆನ್ಸರ್ ಆದರೆ ಅದರ ದೀಪ ಆರಿಸಿ ಒಮ್ಮೆ ಓದಿ, ಹಚ್ಚಿ ಒಮ್ಮೆ ಓದಿ, ಎರಡರ ವ್ಯತ್ಯಾಸ ಮಾತ್ರ ನಂಬಿ. ಗೋಡೆಗೆ ಕಪ್ಪು ಬಣ್ಣ ಹಾಕಿದ್ದರೆ ತೆಗೆಯಿರಿ, ಕಪ್ಪು ಆ ಬೆಳಕನ್ನು ನುಂಗಿ ಕೂರುತ್ತದೆ.

ಪ್ರಶ್ನೆ: ಎಡಗೈ ನಿಯಮ ಹಾಕಿದ್ದೇನೆ. ಕೆಲವು ವ್ಯೂಹದಲ್ಲಿ ಆಚೆ ಬರುತ್ತದೆ. ಗುರಿಯನ್ನು ನಡುವೆ ಇಟ್ಟರೆ ಮಾತ್ರ ಸುತ್ತಿದ್ದೇ ಸುತ್ತುತ್ತದೆ. ಇದಕ್ಕಿಂತ ಬುದ್ಧಿವಂತ ಕಾರು ಮಾಡುವುದು ಹೇಗೆ? (ಪಿಯುಸಿ ವಿದ್ಯಾರ್ಥಿನಿ, ಸಾಗರ)

ಉತ್ತರ: ಒಳ್ಳೆ ಪ್ರಶ್ನೆ ತಂಗಿ. ಬೇರೆಯವರಿಗೂ ಗೊತ್ತಾಗಲಿ ಅಂತ ನಿಯಮ ಮೊದಲು ಹೇಳುತ್ತೇನೆ. ಕತ್ತಲಲ್ಲಿ ಗೊತ್ತಿಲ್ಲದ ಮನೆ ಹೊಕ್ಕರೆ ಎಡಗೈ ಗೋಡೆ ಮೇಲೆ ಇಟ್ಟು ಬಿಡದೆ ನಡೆಯುತ್ತೇವಲ್ಲ, ಅದೇ ಇದು. ಎಡಕ್ಕೆ ದಾರಿ ಇದ್ದರೆ ಎಡಕ್ಕೆ. ಇಲ್ಲದಿದ್ದರೆ ನೇರ. ಅದೂ ಇಲ್ಲದಿದ್ದರೆ ಬಲಕ್ಕೆ. ಯಾವುದೂ ಇಲ್ಲದಿದ್ದರೆ ಬಂದ ದಾರಿಗೆ ವಾಪಸ್. ವ್ಯೂಹದ ಗೋಡೆಗಳೆಲ್ಲ ಹೊರಗೋಡೆಗೆ ಎಲ್ಲಾದರೂ ಅಂಟಿಕೊಂಡಿದ್ದರೆ ಇದು ಕೈಕೊಡುವುದೇ ಇಲ್ಲ. ನಿನ್ನ ಗುರಿಯ ಸುತ್ತ ಇರುವ ಗೋಡೆ ಮಾತ್ರ ನದಿ ನಡುವಿನ ಕುದುರು ಹಾಗೆ ಬೇರೆಯಾಗಿ ನಿಂತಿದೆ. ಹೊರಗೋಡೆ ಹಿಡಿದ ಕೈ ಆ ಕುದುರನ್ನು ಮುಟ್ಟುವುದು ಹೇಗೆ?

ನಿನ್ನದು ಹೊಸ ತೊಂದರೆಯೇನೂ ಅಲ್ಲ. ಅಮೆರಿಕದಲ್ಲಿ ಒಂದು ತಾಂತ್ರಿಕ ಪತ್ರಿಕೆ 1977ರಲ್ಲಿ ಇಂಥ ಯಂತ್ರಗಳ ಸ್ಪರ್ಧೆ ಘೋಷಿಸಿತು. ಯಂತ್ರಗಳಿಗೆ ಮೈಕ್ರೊಮೌಸ್ ಅಂತ ಹೆಸರು. 1979ರಲ್ಲಿ ನ್ಯೂಯಾರ್ಕಿನಲ್ಲಿ ಫೈನಲ್ ಆದಾಗ ಗೆದ್ದದ್ದು ತಲೆ ಓಡಿಸುವ ಇಲಿ ಅಲ್ಲ, ಗೋಡೆ ಹಿಡಿದು ಜೋರಾಗಿ ಓಡುವ ದಡ್ಡ ಇಲಿ! ಆಮೇಲೆ ಗುರಿಯನ್ನು ವ್ಯೂಹದ ನಡುವಿಗೆ ತಂದರು, ಬರೀ ಗೋಡೆ ಹಿಡಿದು ಹೋಗುವವು ಅಲ್ಲಿಗೆ ತಲುಪಬಾರದು ಅಂತ. ನೀನು ಗೊತ್ತಿಲ್ಲದೆ ಅದೇ ಬದಲಾವಣೆ ಮಾಡಿದ್ದೀಯ. ಈಗ ಆ ಸ್ಪರ್ಧೆಯ ಮಾಮೂಲಿ ವ್ಯೂಹ 16ಕ್ಕೆ 16 ಮನೆ, ಒಂದೊಂದು ಮನೆ 18 ಸೆಂ.ಮೀ., ಗೋಡೆ 5 ಸೆಂ.ಮೀ. ಎತ್ತರ.

ಇದಕ್ಕೂ ಹಿಂದೆ, 1950ರಲ್ಲಿ, ಕ್ಲಾಡ್ ಶ್ಯಾನನ್ ಅನ್ನುವ ಗಣಿತಜ್ಞ ಥೀಸಿಯಸ್ ಅಂತ ಒಂದು ಇಲಿ ಮಾಡಿದ್ದರು. 25 ಮನೆಗಳ ವ್ಯೂಹ, ಗೋಡೆ ಕಿತ್ತು ಬೇರೆ ಕಡೆ ಇಡಬಹುದಿತ್ತು. ಒಮ್ಮೆ ತಡಕಾಡಿ ದಾರಿ ಕಂಡುಕೊಂಡರೆ ಎರಡನೇ ಸಲ ಇಲಿ ನೇರ ಹೋಗುತ್ತಿತ್ತು. ತಮಾಷೆ ಏನೆಂದರೆ ಇಲಿಯೊಳಗೆ ಬುದ್ಧಿ ಏನೂ ಇರಲಿಲ್ಲ, ಬುದ್ಧಿಯೆಲ್ಲ ಕೆಳಗೆ ಟೆಲಿಫೋನ್ ರಿಲೇಗಳಲ್ಲಿ, ಅಂದರೆ ಕರೆಂಟಿನಿಂದ ತಾವೇ ಹಾಕಿ ಆರುವ ಸ್ವಿಚ್ಚುಗಳಲ್ಲಿ. ನೆಲದಡಿಯ ಅಯಸ್ಕಾಂತ ಇಲಿಯನ್ನು ಎಳೆದುಕೊಂಡು ಹೋಗುತ್ತಿತ್ತು. ವ್ಯೂಹವೇ ಯಂತ್ರ! ಮೇಲೆ ತೀರ್ಥಹಳ್ಳಿಯ ಅಮ್ಮನಿಗೆ ನಾನು ಹೇಳಿದ್ದೂ ಇದನ್ನೇ.

ಈಗ ನಿನ್ನ ಕಾರಿಗೆ ಬುದ್ಧಿ. ಗುರಿಯ ಮನೆಗೆ 0 ಅಂತ ಬರೆ. ಅದರಿಂದ ಒಂದು ಹೆಜ್ಜೆಯಲ್ಲಿ ತಲುಪುವ ಮನೆಗಳಿಗೆಲ್ಲ 1. ಅವುಗಳ ಪಕ್ಕದವಕ್ಕೆ 2. ಹೀಗೆ ಗುರಿಯಿಂದ ನೀರು ಹರಡಿದಂತೆ ಅಂಕಿ ಹರಡುತ್ತಾ ಹೋಗುತ್ತದೆ. ಕಾರಿಗೆ ಒಂದೇ ಕೆಲಸ, ತನ್ನ ಅಂಕಿಗಿಂತ ಸಣ್ಣ ಅಂಕಿಯ ಮನೆಗೆ ಇಳಿಯುವುದು, ತೋಟದ ಬಸಿಗಾಲುವೆಯಲ್ಲಿ ನೀರು ತಗ್ಗು ಹುಡುಕಿ ಇಳಿದ ಹಾಗೆ. ಮೊದಲು ಗೋಡೆಗಳೇ ಇಲ್ಲ ಅಂದುಕೊಂಡು ಅಂಕಿ ತುಂಬು. ಕಾರು ಹೋಗುತ್ತಾ ಗೋಡೆ ಕಂಡಾಗ ಅದನ್ನು ಗುರುತು ಹಾಕಿ ಎಲ್ಲ ಅಂಕಿಗಳನ್ನೂ ಮತ್ತೆ ತುಂಬು. ಇದಕ್ಕೆ ಫ್ಲಡ್‌ಫಿಲ್ ಅಂತ ಹೆಸರು. ಐದಕ್ಕೆ ಐದು ವ್ಯೂಹಕ್ಕೆ 25 ಅಂಕಿ ಮತ್ತು ಗೋಡೆಗಳ ಗುರುತು ಅಷ್ಟೇ, ಆರ್ಡುಯಿನೊ ಊನೊದ 2 ಕಿಲೋಬೈಟ್ ನೆನಪಿನಲ್ಲಿ ಧಾರಾಳ ಹಿಡಿಸುತ್ತದೆ. ಪ್ರೋಗ್ರಾಮ್ ಬರೆಯುವ ಮುಂಚೆ ಚೌಕಾಬಾರದ ಮನೆ ಬರೆದ ಹಾಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ತಮ್ಮನನ್ನೋ ತಂಗಿಯನ್ನೋ ಕಾರು ಮಾಡಿ ನಡೆಸಿ ನೋಡು. ತಪ್ಪೆಲ್ಲ ಅಲ್ಲೇ ಸಿಗುತ್ತವೆ.

ಎಡಗೈ ನಿಯಮವನ್ನೂ ಎಸೆಯಬೇಡ. ದಾರಿ ಸುತ್ತಿ ಮತ್ತೆ ಹೊರಟಲ್ಲಿಗೇ ಬಂದು ಸೇರದ ವ್ಯೂಹದಲ್ಲಿ ಕಾರು ನಡೆದ ದಾರಿಯನ್ನು ಬರೆದಿಟ್ಟುಕೊಂಡು ಚಿಕ್ಕದು ಮಾಡಬಹುದು. "ಎಡ, ವಾಪಸ್, ಎಡ" ಅಂದರೆ ಕುರುಡು ಓಣಿಗೆ ಹೋಗಿ ಬಂದೆ ಅಂತ, ಅದನ್ನು ಅಳಿಸಿ "ನೇರ" ಅಂತ ಬರೆ. "ಎಡ, ವಾಪಸ್, ನೇರ" ಇದ್ದರೆ "ಬಲ". "ನೇರ, ವಾಪಸ್, ಎಡ" ಇದ್ದರೂ "ಬಲ". ಎರಡನೇ ಸಲ ಕಾರು ಒಂದೂ ಕುರುಡು ಓಣಿ ಹೊಗುವುದಿಲ್ಲ.

ಅಂದಹಾಗೆ ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ಚಕ್ರವ್ಯೂಹ ಕೆತ್ತಿದ್ದಾರೆ, ಹೋದಾಗ ಹುಡುಕಿ ನೋಡು. ಅದರ ದಾರಿಯ ಮೇಲೆ ಬೆರಳಿಟ್ಟು ಹೋದರೆ ಎಲ್ಲೂ ಕವಲು ಸಿಗುವುದಿಲ್ಲ, ಸುತ್ತಿ ಸುತ್ತಿ ಒಂದೇ ದಾರಿ. ಅಂಥ ವ್ಯೂಹವನ್ನು ನಿನ್ನ ಹಳೇ ಕಾರೇ ಗೆಲ್ಲುತ್ತದೆ. ಪಾಪ, ಅಭಿಮನ್ಯುವಿಗೆ ತೊಂದರೆ ಆದದ್ದು ದಾರಿಯಿಂದಲ್ಲ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರಾಥಮಿಕ ಶಾಲೆ. ಇರುವುದು ಒಂದು ಕಂಪ್ಯೂಟರ್, ಅದೂ ಆಫೀಸ್ ಕೆಲಸಕ್ಕೆ. ಪ್ರೋಗ್ರಾಮ್, ಬೋರ್ಡ್ ಏನೂ ಇಲ್ಲದೆ ಇಂಥದ್ದು ಮಾಡಿಸಬಹುದಾ? (ಶಿಕ್ಷಕರು, ಸೊರಬ ತಾಲ್ಲೂಕು)

ಉತ್ತರ: ಮಾಡಿಸಬಹುದು ಮೇಷ್ಟ್ರೇ, ನನ್ನ ಕೇಳಿದರೆ ಇದೇ ಎಲ್ಲಕ್ಕಿಂತ ಚೆಂದ. ಎರಡು ಗೇರ್ ಮೋಟಾರ್, ಬ್ಯಾಟರಿ, ಮೂರು ಕಾಲಿನ ಒಂದು ಮೈಕ್ರೊ ಸ್ವಿಚ್. ಮುಗಿಯಿತು.

ಆ ಸ್ವಿಚ್ಚಿಗೆ ಒಂದು ಸಣ್ಣ ಸನ್ನೆ ಇರುತ್ತದೆ. ಒತ್ತದಿದ್ದಾಗ ಕಾಮನ್ ಕಾಲು ಎನ್‌ಸಿ ಕಾಲಿಗೆ ಸೇರಿರುತ್ತದೆ, ಒತ್ತಿದರೆ ಎನ್‌ಒ ಕಾಲಿಗೆ. ಬ್ಯಾಟರಿಯ ಪ್ಲಸ್ ಅನ್ನು ಕಾಮನ್‌ಗೆ ಕೊಡಿ. ಎನ್‌ಸಿಯಿಂದ ಬಲ ಮೋಟಾರಿಗೆ, ಎನ್‌ಒದಿಂದ ಎಡ ಮೋಟಾರಿಗೆ ತಂತಿ. ಎರಡೂ ಮೋಟಾರಿನ ಉಳಿದ ತುದಿ ಮೈನಸ್‌ಗೆ. ಯಾವುದಾದರೂ ಗಾಲಿ ಹಿಂದಕ್ಕೆ ತಿರುಗಿದರೆ ಅದರ ತಂತಿ ಅದಲುಬದಲು ಮಾಡಿ. ಸ್ವಿಚ್ಚನ್ನು ಕಾರಿನ ಎಡ ಮುಂದಿನ ಮೂಲೆಗೆ ಕೂರಿಸಿ, ಸನ್ನೆಗೆ ಒಂದು ಗಟ್ಟಿ ತಂತಿ ಕಟ್ಟಿ, ಜಿರಳೆ ಮೀಸೆಯ ಹಾಗೆ. ಮೀಸೆ ಎಡಕ್ಕೂ ಚಾಚಿರಬೇಕು, ಮೂತಿಯ ಮುಂದೂ ಸ್ವಲ್ಪ ಬಾಗಿ ಬರಬೇಕು.

ಏನಾಗುತ್ತದೆ ನೋಡಿ. ಮೀಸೆಗೆ ಏನೂ ತಾಗದಿದ್ದಾಗ ಬಲ ಮೋಟಾರ್ ಮಾತ್ರ ಓಡುತ್ತದೆ, ಕಾರು ಎಡಕ್ಕೆ ತಿರುಗುತ್ತಾ ಗೋಡೆ ಹುಡುಕುತ್ತದೆ. ಗೋಡೆ ತಾಗಿತು, ಎಡ ಮೋಟಾರ್ ಓಡುತ್ತದೆ, ಕಾರು ಬಲಕ್ಕೆ ಸರಿಯುತ್ತದೆ. ಮೀಸೆ ಬಿಟ್ಟಿತು, ಮತ್ತೆ ಎಡಕ್ಕೆ. ಹೀಗೆ ತಟ್ಟುತ್ತಾ ಬಿಡುತ್ತಾ ಗೋಡೆಗುಂಟ ಹೋಗುತ್ತದೆ. ಗೋಡೆ ಮುಗಿದರೆ ತಾನೇ ಎಡಕ್ಕೆ ಸುತ್ತಿಕೊಳ್ಳುತ್ತದೆ. ಕುರುಡು ಓಣಿಯಲ್ಲಿ ನಾಲ್ಕಾರು ಸಲ ಮೂತಿ ಗುದ್ದಿಕೊಂಡು ತಿರುಗಿ ಬರುತ್ತದೆ. ಸಾಗರದ ಹುಡುಗಿ ಪ್ರೋಗ್ರಾಮಿನಲ್ಲಿ ಬರೆದ ಎಡಗೈ ನಿಯಮ ಇಲ್ಲಿ ಒಂದು ಸ್ವಿಚ್ಚಿನಲ್ಲಿ ಕೂತಿದೆ. ಮಕ್ಕಳು ಇದನ್ನು ನೋಡಿ "ಅದಕ್ಕೆ ಜೀವ ಇದೆ ಸಾರ್" ಅನ್ನುವುದನ್ನು ನಾನೇ ಕೇಳಿದ್ದೇನೆ.

ಎರಡು ಎಚ್ಚರಿಕೆ. ಇಲ್ಲಿ ಒಂದು ಗಾಲಿ ನಿಂತು ಇನ್ನೊಂದು ಸುತ್ತುವುದರಿಂದ ತಿರುಗಲು ಜಾಗ ಜಾಸ್ತಿ ಬೇಕು, ಓಣಿಯನ್ನು ಕಾರಿನ ಅಗಲದ ಎರಡೂವರೆ ಪಟ್ಟು ಇಟ್ಟು ಶುರು ಮಾಡಿ, ಆಮೇಲೆ ಕಡಿಮೆ ಮಾಡುತ್ತಾ ಬನ್ನಿ. ಮತ್ತೆ ಈ ಕಾರು ಗೋಡೆಗೆ ಗುದ್ದುತ್ತದೆ, ರಟ್ಟು ತಡೆಯುವುದಿಲ್ಲ. ಇಟ್ಟಿಗೆ ಜೋಡಿಸಿ. ಶಾಲೆ ಅಂಗಳದಲ್ಲಿ ಇಟ್ಟಿಗೆಗೆ ಬರವೇ?

ಪ್ರಶ್ನೆ: ಹೊಸ 9 ವೋಲ್ಟ್ ಬ್ಯಾಟರಿ ಹಾಕಿದರೂ ಮೋಟಾರ್ ಶುರುವಾದ ತಕ್ಷಣ ಬೋರ್ಡಿನ ದೀಪ ಆರಿ ಹತ್ತುತ್ತದೆ. (ಕೊಪ್ಪ)

ಉತ್ತರ: ಆ ಚೌಕ 9 ವೋಲ್ಟ್ ಬ್ಯಾಟರಿ ಮಲ್ಟಿಮೀಟರಿಗೆ ಸರಿ, ಮೋಟಾರಿಗಲ್ಲ. ವೋಲ್ಟ್ ಇದೆ, ಕರೆಂಟ್ ಕೊಡುವ ತಾಕತ್ತಿಲ್ಲ. ಮೋಟಾರ್ ಶುರುವಾಗುವಾಗ ಜಾಸ್ತಿ ಎಳೆಯುತ್ತದೆ, ವೋಲ್ಟ್ ಕುಸಿಯುತ್ತದೆ, ಬೋರ್ಡ್ ಮೊದಲಿನಿಂದ ಶುರುವಾಗುತ್ತದೆ. 18650 ಅಂತ ಸಿಗುವ, ಮತ್ತೆ ಮತ್ತೆ ಚಾರ್ಜ್ ಮಾಡುವ ಲಿಥಿಯಂ ಸೆಲ್ ಎರಡನ್ನು ಸಾಲಾಗಿ ಜೋಡಿಸಿ, 7.4 ವೋಲ್ಟ್. ಎಲ್298ಎನ್ ಮೋಟಾರ್ ಡ್ರೈವರ್ (ಮೋಟಾರಿಗೆ ಕರೆಂಟ್ ಕೊಡುವ ಪುಟ್ಟ ಬೋರ್ಡ್) ಇದ್ದರೆ ಅದೇ ಸುಮಾರು 2 ವೋಲ್ಟ್ ತಿನ್ನುತ್ತದೆ, ಆದ್ದರಿಂದ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಮೋಟಾರಿಗೆ ಸಿಗುವುದು 4 ಮಾತ್ರ. ಬೋರ್ಡಿಗೂ ಮೋಟಾರಿಗೂ ಬೇರೆ ಬೇರೆ ಬ್ಯಾಟರಿ ಕೊಟ್ಟರೆ ಎರಡರ ಮೈನಸ್ ತಂತಿಗಳನ್ನು ಒಂದು ಮಾಡಲು ಮರೆಯಬೇಡಿ. 18650ಗೆ ಅದರದ್ದೇ ಚಾರ್ಜರ್ ಬೇಕು, ಅದನ್ನು ಬೈಕ್ ಕೀ ಇರುವ ಜೇಬಿಗೆ ಹಾಕಬೇಡಿ. ಎರಡು ತುದಿಗೂ ಕೀ ತಾಗಿದರೆ ಪ್ಯಾಂಟ್ ಸುಡುತ್ತದೆ.